ಗೋಡೆಗಳ ನಡುವಿನ ರೆಕ್ಕೆ



ಬೆಂಗಳೂರಿನ ಮುರುಗೇಶಪಾಳ್ಯದ ಕಡೆ ವಿಂಡ್ ಟನೆಲ್ ರೋಡ್ ಎಂಬ ರಸ್ತೆಯಿದೆ. ಅಲ್ಲಿ ಮನೆ ಮಾಡಿಕೊಂಡವರು ದಿನಾ ಆಟೋದವರಿಗೆ, ಕೊರಿಯರ್‌ನವರಿಗೆ ಆ ಹೆಸರು ಹೇಳುತ್ತಾರೆ. ನಮ್ಮ ರಸ್ತೆಗಳಿಗೆ ಸಾಮಾನ್ಯವಾಗಿ ಮಹನೀಯರ ಹೆಸರಿರುತ್ತದೆ, ಇಲ್ಲವೇ ಗುಡಿಯ ಹೆಸರು, ಕೆರೆಯ ಹೆಸರು. ಈ ರಸ್ತೆಗೆ ಬಿದ್ದಿರುವುದು ಒಂದು ಯಂತ್ರದ ಹೆಸರು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ದೊಡ್ಡ ಗಾಳಿಸುರಂಗ 1967ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ತೇಜಸ್ ಯುದ್ಧವಿಮಾನ 2001ರ ಜನವರಿಯಲ್ಲಿ ಮೊದಲ ಸಲ ನೆಲ ಬಿಟ್ಟಿತು. ಅದಕ್ಕೂ ಬಹಳ ಮೊದಲೇ ಅದರ ಪುಟ್ಟ ಪ್ರತಿರೂಪಗಳು ಈ ಸುರಂಗದ ಗಾಳಿಗೆ ಮೈಯೊಡ್ಡಿ ನಿಂತಿದ್ದವು.

ವಿಮಾನ ಹಾರುವಾಗ ಗಾಳಿ ನಿಂತಿರುತ್ತದೆ, ರೆಕ್ಕೆ ಓಡುತ್ತದೆ. ಸುರಂಗದಲ್ಲಿ ರೆಕ್ಕೆ ನಿಂತಿರುತ್ತದೆ, ಗಾಳಿ ಓಡುತ್ತದೆ. ರೆಕ್ಕೆಯ ಪಾಲಿಗೆ ಎರಡೂ ಒಂದೇ, ಏಕೆಂದರೆ ಬಲ ಹುಟ್ಟುವುದು ಎರಡರ ನಡುವಿನ ವೇಗದಿಂದ. ಆದರೂ ಒಂದು ವ್ಯತ್ಯಾಸ ಉಳಿದುಬಿಡುತ್ತದೆ. ಆಕಾಶಕ್ಕೆ ಗೋಡೆಯಿಲ್ಲ, ಸುರಂಗಕ್ಕೆ ಇದೆ.

ಇವತ್ತಿನ ಮಾತು ಆ ಗೋಡೆಯ ಬಗ್ಗೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ನ್ಯೂಟನ್ನನ ಮೂರನೇ ನಿಯಮ. ಸುರಂಗದಲ್ಲಿ ಕೆಳಗೆ ನೆಲ, ಮೇಲೆ ಚಾವಣಿ. ಗಾಳಿ ಒಳಕ್ಕೆ ನೆಟ್ಟಗೆ ಬರುತ್ತದೆ, ಹೊರಕ್ಕೂ ನೆಟ್ಟಗೇ ಹೋಗುತ್ತದೆ. ಕೆಳಕ್ಕಿಳಿಯಲು ಅದಕ್ಕೆ ದಾರಿಯೇ ಇಲ್ಲ. ಆದರೂ ತಕ್ಕಡಿಗೆ ಕಟ್ಟಿದ ರೆಕ್ಕೆ ಮೇಲಕ್ಕೆ ಎಳೆಯುತ್ತದೆ, ಮುಳ್ಳು ಅದನ್ನು ತೋರಿಸುತ್ತದೆ. ಹಾಗಾದರೆ ಆ ಎತ್ತುಬಲಕ್ಕೆ, ಅಂದರೆ ಲಿಫ್ಟ್‌ಗೆ, ಪ್ರತಿಯಾಗಿ ತಳ್ಳಿಸಿಕೊಂಡವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ರೆಕ್ಕೆ ಎಂಬುದು ಏನು ಮಾಡುತ್ತದೆ ಎನ್ನುವುದೇ ಬೇರೆಯಾಗಿ ಕಾಣುತ್ತದೆ. ರೆಕ್ಕೆ ಒಂಟಿಯಾಗಿ ಏನನ್ನೂ ಎತ್ತುವುದಿಲ್ಲ. ಅದರ ಸುತ್ತಲಿನ ಇಡೀ ಗಾಳಿ, ಆ ಗಾಳಿಗೆ ಆತುಕೊಂಡಿರುವ ಪ್ರತಿಯೊಂದು ಮೈಯೂ ಆ ಕೆಲಸದಲ್ಲಿ ಪಾಲು ಹೊತ್ತಿರುತ್ತದೆ.

1. ಸೈಕಲ್ ಅಂಗಡಿಯ ಮರದ ಪೆಟ್ಟಿಗೆ

ಗಾಳಿಸುರಂಗ ಬರುವ ಮೊದಲು ರೆಕ್ಕೆಯನ್ನು ಅಳೆಯಲು ಇದ್ದದ್ದು ತಿರುಗುತೋಳು. ಗಾಣದ ನೊಗದಂತೆ ಸುತ್ತುವ ಉದ್ದನೆಯ ತೋಳು, ಅದರ ತುದಿಗೆ ಕಟ್ಟಿದ ರೆಕ್ಕೆ. ಬ್ರಿಟನ್ನಿನಲ್ಲಿ ಜಾರ್ಜ್ ಕೇಲಿ, ಜರ್ಮನಿಯಲ್ಲಿ ಒಟ್ಟೊ ಲಿಲಿಯೆಂತಾಲ್ ಹೀಗೆಯೇ ಅಳೆದರು. ಇದರಲ್ಲಿ ಒಂದು ತೊಡಕಿತ್ತು. ತೋಳು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಕೊಠಡಿಯ ಗಾಳಿಯೂ ಅದರ ಜೊತೆ ಸುತ್ತತೊಡಗುತ್ತಿತ್ತು. ರೆಕ್ಕೆ ತಾನೇ ಕೆದಕಿದ ಗಾಳಿಯೊಳಗೆ ಮತ್ತೆ ಹಾಯಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ 1871ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಹರ್ಬರ್ಟ್ ವೆನ್‌ಹ್ಯಾಮ್, ಗ್ರೀನಿಚ್‌ನಲ್ಲಿ ಹದಿನೆಂಟು ಇಂಚು ಚೌಕದ ಒಂದು ಮರದ ಕೊಳವೆಯಲ್ಲಿ ಉಗಿಯಂತ್ರದ ಫ್ಯಾನಿನಿಂದ ಗಾಳಿ ಹಾಯಿಸಿದ. ಜಗತ್ತಿನ ಮೊದಲ ಗಾಳಿಸುರಂಗ ಅದೇ.

ಸುರಂಗಕ್ಕೆ ಹೆಸರು ತಂದವರು ಮಾತ್ರ ಅಮೆರಿಕದ ಡೇಟನ್ ಊರಿನ ಸೈಕಲ್ ರಿಪೇರಿಯ ಅಣ್ಣತಮ್ಮಂದಿರು. 1901ರ ಬೇಸಿಗೆಯಲ್ಲಿ ವಿಲ್ಬರ್ ಮತ್ತು ಆರ್ವಿಲ್ ರೈಟ್ ಕಿಟಿ ಹಾಕ್‌ನ ಕಡಲತಡಿಯಲ್ಲಿ ಹಾರಿಸಿದ ಗ್ಲೈಡರ್, ಲೆಕ್ಕ ಹೇಳಿದ್ದರ ಮೂರನೇ ಒಂದು ಪಾಲಿನಷ್ಟು ಮಾತ್ರ ಎತ್ತಿತು. ಲೆಕ್ಕಕ್ಕೆ ಆಧಾರ ಲಿಲಿಯೆಂತಾಲ್‌ನ ಕೋಷ್ಟಕ. ಆ ಧೀರ 1896ರಲ್ಲಿ ಗ್ಲೈಡರ್‌ನಿಂದ ಬಿದ್ದು ತೀರಿಕೊಂಡಿದ್ದ, ಕೇಳೋಣವೆಂದರೆ ಇರಲಿಲ್ಲ. ಸೋದರರು ಊರಿಗೆ ಮರಳಿ ಆರು ಅಡಿ ಉದ್ದದ, ಹದಿನಾರು ಇಂಚು ಚೌಕದ ಪೆಟ್ಟಿಗೆಯೊಂದನ್ನು ಮಾಡಿದರು. ಮೇಲ್ಭಾಗದಲ್ಲಿ ಇಣುಕಲು ಗಾಜು. ಒಂದು ತುದಿಯಲ್ಲಿ ಫ್ಯಾನು, ಅದಕ್ಕೆ ಅಂಗಡಿಯ ಗ್ಯಾಸ್ ಎಂಜಿನ್ನಿನಿಂದ ಬೆಲ್ಟು. ಒಳಗಿನ ತಕ್ಕಡಿಯನ್ನು ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿಯಿಂದ ಕಟ್ಟಿದರು.

ಆ ತಕ್ಕಡಿಯ ಜಾಣ್ಮೆಯನ್ನು ಹತ್ತಿರದಿಂದ ನೋಡಬೇಕು. ತಗಡಿನ ಪುಟ್ಟ ರೆಕ್ಕೆಯ ಎತ್ತುಬಲವನ್ನು ಅವರು ತೂಕದ ಕಲ್ಲಿನ ಎದುರು ತೂಗಲಿಲ್ಲ. ಅದೇ ಗಾಳಿಗೆ ಎದುರಾಗಿ ನಿಲ್ಲಿಸಿದ ಚಪ್ಪಟೆ ಪಟ್ಟಿಗಳ ಮೇಲೆ ಬೀಳುವ ತಳ್ಳುಬಲದ ಎದುರು ತೂಗಿದರು. ಗಾಳಿಯ ವೇಗ ಏರಿದರೆ ಎರಡೂ ಏರುತ್ತವೆ, ಇಳಿದರೆ ಎರಡೂ ಇಳಿಯುತ್ತವೆ, ಹೋಲಿಕೆ ಕೆಡುವುದಿಲ್ಲ. ಫ್ಯಾನು ಎಷ್ಟೇ ಒರಟಾಗಿ ತಿರುಗಿದರೂ ಉತ್ತರ ನೆಟ್ಟಗಿರುತ್ತಿತ್ತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಸುಮಾರು 200 ಆಕಾರದ ರೆಕ್ಕೆಗಳು ಈ ಪೆಟ್ಟಿಗೆಯೊಳಗೆ ಹೋಗಿಬಂದವು. ಉದ್ದನೆಯ, ಕಿರಿದಾದ ರೆಕ್ಕೆ ಗಿಡ್ಡ ಅಗಲ ರೆಕ್ಕೆಗಿಂತ ಲೇಸು ಎಂಬುದು ಅಂಕಿಯಲ್ಲಿ ಸಿಕ್ಕಿತು. ಲಿಲಿಯೆಂತಾಲ್‌ನ ಕೋಷ್ಟಕ ಬಹುಮಟ್ಟಿಗೆ ಸರಿಯಿತ್ತು. ಗಾಳಿಯ ಒತ್ತಡ ಲೆಕ್ಕ ಹಾಕಲು ನೂರಕ್ಕೂ ಹೆಚ್ಚು ವರ್ಷಗಳಿಂದ ಬಳಸುತ್ತಿದ್ದ 0.005 ಎಂಬ ಗುಣಾಂಕವೇ ಹೆಚ್ಚಾಗಿತ್ತು. ಅದು ಸುಮಾರು 0.0033 ಇರಬೇಕು ಎಂದು ಸೋದರರು ಕಂಡುಕೊಂಡಿದ್ದರು. 1902ರ ಗ್ಲೈಡರ್ ಈ ಹೊಸ ಲೆಕ್ಕದಿಂದ ಹುಟ್ಟಿತು. 1903ರ ಡಿಸೆಂಬರ್ 17ರಂದು ಎಂಜಿನ್ ಹೊತ್ತ ವಿಮಾನ 12 ಸೆಕೆಂಡು ಹಾರಿತು.

ಅವರು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ಅಳತೆ ಶುರುವಾದ ಮೇಲೆ ಕೊಠಡಿಯಲ್ಲಿ ದೊಡ್ಡ ಸಾಮಾನು ಯಾವುದನ್ನೂ ಸರಿಸುವಂತಿರಲಿಲ್ಲ, ನೋಡುವವರು ನಿಂತ ಜಾಗ ಬದಲಿಸುವಂತಿರಲಿಲ್ಲ. ಪೆಟ್ಟಿಗೆಯಿಂದ ಹೊರಬಿದ್ದ ಗಾಳಿ ಕೊಠಡಿಯನ್ನು ಬಳಸಿಕೊಂಡು ಮತ್ತೆ ಫ್ಯಾನಿಗೆ ಬರುತ್ತಿತ್ತಲ್ಲ, ಯಾರಾದರೂ ಎರಡು ಹೆಜ್ಜೆ ಸರಿದರೂ ಅದರ ದಾರಿ ಬದಲಾಗುತ್ತಿತ್ತು. ಅಂಗಡಿಯ ಗೋಡೆಗಳೂ ಆ ಸುರಂಗದ ಭಾಗವಾಗಿದ್ದವು.

2. ಚಮಚ, ನಲ್ಲಿ, ಹೊಗೆ

ರೆಕ್ಕೆ ಹೇಗೆ ಎತ್ತುತ್ತದೆ ಎಂದು ಕೇಳಿದರೆ ಬಹಳ ಕಡೆ ಸಿಗುವ ಉತ್ತರ ಹೀಗಿದೆ: ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ದಾರಿ ಉದ್ದ; ಮುಂದೆ ಬೇರ್ಪಟ್ಟ ಗಾಳಿಯ ಎರಡು ಭಾಗ ಹಿಂದೆ ಒಟ್ಟಿಗೇ ಸೇರಬೇಕು; ಅದಕ್ಕೇ ಮೇಲಿನ ಗಾಳಿ ಜೋರಾಗಿ ಓಡುತ್ತದೆ. ಮೇಲಿನ ಗಾಳಿ ಜೋರಾಗಿ ಓಡುವುದು ನಿಜ. ಒಟ್ಟಿಗೇ ಸೇರಬೇಕು ಎಂಬುದು ಸುಳ್ಳು. ಕೇಂಬ್ರಿಡ್ಜ್‌ನ ಹೋಲ್ಗರ್ ಬಾಬಿನ್ಸ್ಕಿ ಗಾಳಿಸುರಂಗದಲ್ಲಿ ಹೊಗೆಯನ್ನು ತುಂಡುತುಂಡಾಗಿ ಬಿಟ್ಟು ಚಿತ್ರ ತೆಗೆದು ಇದನ್ನು ಎಲ್ಲರಿಗೂ ಕಾಣುವಂತೆ ಮಾಡಿದ್ದಾರೆ. ಮೇಲಿನ ಹೊಗೆ ಹಿಂದಂಚನ್ನು ಮೊದಲೇ ದಾಟಿಹೋಗುತ್ತದೆ, ಕೆಳಗಿನದು ಹಿಂದೆ ಬೀಳುತ್ತದೆ. ಒಮ್ಮೆ ಬೇರ್ಪಟ್ಟವು ಮತ್ತೆ ಜೊತೆಯಾಗುವುದೇ ಇಲ್ಲ.

ಸರಿಯಾದ ಉತ್ತರಕ್ಕೆ ಅಡುಗೆಮನೆಯ ಒಂದು ಚಮಚ ಸಾಕು. ನಲ್ಲಿಯಿಂದ ಸಣ್ಣಗೆ ನೀರು ಬಿಟ್ಟು, ಚಮಚದ ಹಿಡಿಯನ್ನು ಸಡಿಲವಾಗಿ ತೂಗುಬಿಟ್ಟು, ಅದರ ಉಬ್ಬಿದ ಬೆನ್ನನ್ನು ನೀರಿಗೆ ತಾಗಿಸಿ. ಚಮಚ ಹೊರಕ್ಕೆ ಸರಿಯಬಹುದು ಎಂದುಕೊಂಡರೆ ಅದು ನೀರಿನೊಳಕ್ಕೇ ಸೆಳೆಯಲ್ಪಡುತ್ತದೆ. ನೀರು ಬೆನ್ನನ್ನು ತಬ್ಬಿ ಬಾಗುತ್ತದೆ. ಬಾಗುವ ಯಾವ ವಸ್ತುವಿಗೂ ಬಾಗಿನ ಒಳಮಗ್ಗುಲಿಗೆ ಒಂದು ತಳ್ಳು ಬೇಕು. ಹರಿಯುವ ದ್ರವಕ್ಕೆ, ಗಾಳಿಗೆ ಆ ತಳ್ಳು ಬರುವುದು ಒತ್ತಡದ ವ್ಯತ್ಯಾಸದಿಂದ: ಹೊರಮಗ್ಗುಲಲ್ಲಿ ಒತ್ತಡ ಹೆಚ್ಚು, ಒಳಮಗ್ಗುಲಲ್ಲಿ ಕಡಿಮೆ.

ರೆಕ್ಕೆಯ ಮೇಲೆ ಹಾಯುವ ಗಾಳಿಯೂ ಹೀಗೆಯೇ ಬಾಗುತ್ತದೆ. ರೆಕ್ಕೆಯಿಂದ ಬಹಳ ಎತ್ತರದಲ್ಲಿ ವಾತಾವರಣದ ಮಾಮೂಲಿ ಒತ್ತಡ. ಅಲ್ಲಿಂದ ರೆಕ್ಕೆಯ ಬೆನ್ನಿನ ಕಡೆಗೆ ಇಳಿಯುತ್ತ ಬಂದಂತೆ ಪದರದಿಂದ ಪದರಕ್ಕೆ ಒತ್ತಡ ಕಡಿಮೆಯಾಗುತ್ತದೆ. ಕೆಳಗಡೆ ಇದರ ತಿರುಗುಮುರುಗು: ದೂರದ ಮಾಮೂಲಿ ಒತ್ತಡದಿಂದ ಶುರುವಾಗಿ ರೆಕ್ಕೆಯ ಹೊಟ್ಟೆಯ ಹತ್ತಿರಕ್ಕೆ ಬಂದಂತೆ ಒತ್ತಡ ಏರುತ್ತದೆ. ಮೇಲೆ ಕಡಿಮೆ, ಕೆಳಗೆ ಹೆಚ್ಚು, ರೆಕ್ಕೆ ಮೇಲಕ್ಕೇಳುತ್ತದೆ.

ಈ ವಿವರಣೆಯಲ್ಲಿ ‘ಬಹಳ ಎತ್ತರದಲ್ಲಿ’, ‘ದೂರದ’ ಎಂಬ ಮಾತುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆಕಾಶದಲ್ಲಿ ಆ ದೂರ ಉಂಟು. ಸುರಂಗದಲ್ಲಿ ಚಾವಣಿ ಮೊಳದಷ್ಟು ಮೇಲೇ ಇದೆ.

3. ಅರ್ಧ ನೆಲಕ್ಕೆ, ಅರ್ಧ ಚಾವಣಿಗೆ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಾಣುವಂಥ ಒಂದು ಸುರಂಗವನ್ನು ತೆಗೆದುಕೊಳ್ಳೋಣ. ಅರವತ್ತು ಸೆಂಟಿಮೀಟರ್ ಚೌಕದ ಪರೀಕ್ಷಾ ಕೊಠಡಿ, ಪಕ್ಕದಲ್ಲಿ ಗಾಜು. ಗಾಳಿಯ ವೇಗ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿಲೋಮೀಟರ್. ಒಳಗೆ ಒಂದು ಪಕ್ಕದ ಗೋಡೆಯಿಂದ ಇನ್ನೊಂದು ಪಕ್ಕದ ಗೋಡೆಯವರೆಗೆ ಚಾಚಿದ ರೆಕ್ಕೆ, ಹದಿನೈದು ಸೆಂಟಿಮೀಟರ್ ಅಗಲದ್ದು. ಮೇಲೆ ಕೆಳಗೆ ಒಂದೇ ಉಬ್ಬು. ಅದನ್ನು ಗಾಳಿಗೆ ಆರು ಡಿಗ್ರಿ ಓರೆ ಮಾಡಿ ನಿಲ್ಲಿಸಿದೆ.

ಹೊರಗೆ ಒಂದು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ ಗಾಜಿನ ನಳಿಕೆಗಳು, ಒಳಗೆ ಬಣ್ಣದ ನೀರು. ಇದು ಮ್ಯಾನೋಮೀಟರ್. ರೆಕ್ಕೆಯ ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು, ಪ್ರತಿ ತೂತಿನಿಂದ ಒಂದೊಂದು ನಳಿಕೆಗೆ ಸಣ್ಣ ರಬ್ಬರ್ ಪೈಪು. ಫ್ಯಾನು ಹಾಕುವ ಮುಂಚೆ ನೀರೆಲ್ಲ ಒಂದೇ ಮಟ್ಟದಲ್ಲಿ ಗೆರೆ ಎಳೆದಂತೆ ನಿಂತಿರುತ್ತದೆ. ಫ್ಯಾನು ತಿರುಗಿ ಗಾಳಿ ವೇಗ ಹಿಡಿದಂತೆ ಗೆರೆ ಒಡೆಯುತ್ತದೆ. ರೆಕ್ಕೆಯ ಬೆನ್ನಿಗೆ ಸೇರಿದ ನಳಿಕೆಗಳಲ್ಲಿ ನೀರು ಏರುತ್ತದೆ, ಮುಂದಂಚಿನ ಹತ್ತಿರದ ಒಂದೆರಡರಲ್ಲಂತೂ ಗಕ್ಕನೆ ಮೇಲಕ್ಕೆ ಹೋಗುತ್ತದೆ. ಹೊಟ್ಟೆಯ ಕಡೆಯ ನಳಿಕೆಗಳಲ್ಲಿ ಅಷ್ಟು ಏರುವುದಿಲ್ಲ. ಗಾಳಿ ಈಗ ಮಾಡುತ್ತಿರುವ ಕೆಲಸವೆಲ್ಲ ಆ ನೀರಿನ ಸಾಲಿನಲ್ಲಿ ಚಿತ್ರವಾಗಿ ನಿಂತಿರುತ್ತದೆ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿ ತೆಳು. ಸೆಕೆಂಡಿಗೆ 30 ಮೀಟರ್ ವೇಗದ ಗಾಳಿಯನ್ನು ಎದುರಿನಿಂದ ತಡೆದು ನಿಲ್ಲಿಸಿದರೆ ಬೆಂಗಳೂರಿನಲ್ಲಿ ಸುಮಾರು 48 ಮಿಲಿಮೀಟರ್ ನೀರಿನಷ್ಟು ಒತ್ತಡ ಬರುತ್ತದೆ. ಮಂಗಳೂರಿನಲ್ಲಾದರೆ ಸುಮಾರು 53. ಬೆಂಗಳೂರಿನ ಲೆಕ್ಕದಲ್ಲಿ ಈ ರೆಕ್ಕೆ ಎರಡೂಮುಕ್ಕಾಲು ಕಿಲೋದಷ್ಟು ಎತ್ತುತ್ತದೆ.

ಈಗ ಆ ಪೈಪುಗಳನ್ನು ರೆಕ್ಕೆಯಿಂದ ಬಿಡಿಸಿ, ಸುರಂಗದ ಚಾವಣಿ ಮತ್ತು ನೆಲದ ಉದ್ದಕ್ಕೂ ಕೊರೆದ ತೂತುಗಳಿಗೆ ಜೋಡಿಸೋಣ. ಕಣ್ಣು ಚುರುಕಾಗಿರಬೇಕು, ಏಕೆಂದರೆ ಏರಿಳಿತ ಚಿಕ್ಕದು. ರೆಕ್ಕೆಯ ನೇರ ಮೇಲಿನ ಚಾವಣಿಯಲ್ಲಿ ಒತ್ತಡ ಸುಮಾರು 4 ಮಿಲಿಮೀಟರ್ ನೀರಿನಷ್ಟು ಕಡಿಮೆ. ನೇರ ಕೆಳಗಿನ ನೆಲದಲ್ಲಿ ಅಷ್ಟೇ ಹೆಚ್ಚು. ರೆಕ್ಕೆಯಿಂದ ಮುಂದಕ್ಕೂ ಹಿಂದಕ್ಕೂ ದೂರ ಹೋದಂತೆ ವ್ಯತ್ಯಾಸ ಕರಗಿಹೋಗುತ್ತದೆ. ಈ ಚಿಕ್ಕ ಒತ್ತಡ ಬಿದ್ದಿರುವ ಜಾಗ ದೊಡ್ಡದು. ಎಲ್ಲವನ್ನೂ ಕೂಡಿದರೆ ನೆಲ ಸುಮಾರು ಒಂದು ಕಿಲೋ ನಾನೂರು ಗ್ರಾಂನಷ್ಟು ಕೆಳಕ್ಕೆ ಒತ್ತಿಸಿಕೊಂಡಿರುತ್ತದೆ. ಚಾವಣಿಯನ್ನು ಹೊರಗಿನ ಗಾಳಿ ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತಿರುತ್ತದೆ. ಎರಡೂ ಸೇರಿದರೆ ಎರಡೂಮುಕ್ಕಾಲು ಕಿಲೋ.

ಮೊದಲ ಪ್ರಶ್ನೆಗೆ ಇದೇ ಉತ್ತರ. ತಳ್ಳಿಸಿಕೊಂಡವರು ನೆಲ ಮತ್ತು ಚಾವಣಿ. ಗೋಡೆಗೆ ತಾಗಿದ ಗಾಳಿ ಬಾಗಲಾರದು, ಗೋಡೆಯ ಗುಂಟ ನೆಟ್ಟಗೆ ಹೋಗಲೇಬೇಕು. ರೆಕ್ಕೆ ಬಾಗಿಸಿದ ಗಾಳಿಯನ್ನು ಗೋಡೆ ಮತ್ತೆ ನೆಟ್ಟಗೆ ಮಾಡುತ್ತದೆ, ಹಾಗೆ ಮಾಡುವಾಗ ರೆಕ್ಕೆಯ ಪ್ರತಿಬಲವನ್ನು ತಾನು ಹೊರುತ್ತದೆ. ಇಡೀ ಸುರಂಗವನ್ನು, ತಕ್ಕಡಿ ಸಮೇತ, ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಇಟ್ಟು ಫ್ಯಾನು ಹಾಕಿದರೂ ಒಟ್ಟು ತೂಕ ಒಂದು ಗ್ರಾಂ ಕಡಿಮೆಯಾಗುವುದಿಲ್ಲ. ರೆಕ್ಕೆ ಮೇಲಕ್ಕೆ ಎಳೆದಷ್ಟನ್ನೂ ನೆಲ, ಚಾವಣಿ ಕೆಳಕ್ಕೆ ಎಳೆದಿರುತ್ತವೆ.

ಇದು ತರಗತಿಯ ಕುತೂಹಲಕ್ಕೆ ಮಾತ್ರ ಸೇರಿದ ಲೆಕ್ಕವಲ್ಲ. ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಮೂರು ಅಡಿ ಅಗಲ, ಏಳೂವರೆ ಅಡಿ ಎತ್ತರದ ಸುರಂಗವೊಂದರಲ್ಲಿ ರೆಕ್ಕೆಯ ಅಡ್ಡಕೊಯ್ತದ ಆಕಾರಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದರು. ಆ ಕೆಲಸದಲ್ಲಿ ಎತ್ತುಬಲವನ್ನು ನೆಲ ಮತ್ತು ಚಾವಣಿಯ ಒತ್ತಡ ಕೂಡಿಯೇ ಅಳೆದರು. ರೆಕ್ಕೆಯನ್ನು ಮುಟ್ಟದೆ ಅದರ ಬಲವನ್ನು ಗೋಡೆಯಿಂದ ಓದಿಕೊಂಡರು. ಇರಾ ಅಬ್ಬಾಟ್ ಮತ್ತು ಆಲ್ಬರ್ಟ್ ವಾನ್ ಡೋನ್‌ಹಾಫ್ 1949ರಲ್ಲಿ ಈ ಅಂಕಿಗಳನ್ನು ಒಟ್ಟುಮಾಡಿ ತಂದ ಪುಸ್ತಕ ಇಂದಿಗೂ ವಿಮಾನ ವಿನ್ಯಾಸಕಾರರ ಮೇಜಿನ ಮೇಲಿದೆ.

4. ಗೋಡೆಯ ಪಾಲನ್ನು ಕಳೆಯುವುದು

ಗೋಡೆಯಿಂದ ಗೋಡೆಗೆ ಚಾಚಿದ ರೆಕ್ಕೆಗೆ ತುದಿಯೇ ಇಲ್ಲ. ವಿಮಾನದ ರೆಕ್ಕೆಗೆ ತುದಿಯಿದೆ. ಅಲ್ಲಿ ಕೆಳಗಿನ ಹೆಚ್ಚು ಒತ್ತಡದ ಗಾಳಿ ಅಂಚನ್ನು ಬಳಸಿ ಮೇಲಕ್ಕೆ ನುಗ್ಗುತ್ತದೆ, ರೆಕ್ಕೆಯ ಹಿಂದೆ ಎರಡು ಸುಳಿಗಳು ಹಗ್ಗ ಹೊಸೆದಂತೆ ಬಿಚ್ಚಿಕೊಳ್ಳುತ್ತ ಹೋಗುತ್ತವೆ. ಆ ಸುಳಿಗಳ ನಡುವೆ ಗಾಳಿ ಕೆಳಕ್ಕೆ ಇಳಿಯುತ್ತದೆ. ಅದರ ಹೆಸರು ಡೌನ್‌ವಾಶ್. ಇಳಿಯುವ ಗಾಳಿಯೊಳಗೆ ಸಾಗುವ ರೆಕ್ಕೆಗೆ ತನ್ನ ಓರೆ ನಿಜಕ್ಕಿಂತ ಕಡಿಮೆಯಿದ್ದಂತಾಗುತ್ತದೆ, ಎತ್ತುಬಲ ತಗ್ಗುತ್ತದೆ, ಹಿಂದಕ್ಕೆ ಜಗ್ಗುವ ಎಳೆತ ಹೆಚ್ಚುತ್ತದೆ.

ಇಂಥ ರೆಕ್ಕೆಯ ಪ್ರತಿರೂಪವನ್ನು ಸುರಂಗದಲ್ಲಿ ಇಟ್ಟರೆ ಗೋಡೆಗಳು ಆ ಡೌನ್‌ವಾಶನ್ನು ತಡೆಯುತ್ತವೆ. ಪರಿಣಾಮವಾಗಿ ರೆಕ್ಕೆ ಆಕಾಶದಲ್ಲಿ ತೋರಿಸುವುದಕ್ಕಿಂತ ಹೆಚ್ಚು ಎತ್ತುಬಲ, ಕಡಿಮೆ ಎಳೆತ ತೋರಿಸುತ್ತದೆ. ಈ ಹೊಗಳಿಕೆಯನ್ನು ನಂಬಿ ವಿಮಾನ ಕಟ್ಟಿದರೆ ಅದು ಓಡುದಾರಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ದೂರ ಓಡಬೇಕಾದೀತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಮೊದಲ ಮಹಾಯುದ್ಧದ ಹೊತ್ತಿಗೆ ಇದಕ್ಕೆ ಲೆಕ್ಕ ಕಟ್ಟಿದರು. ಕನ್ನಡಿಯಲ್ಲಿ ಬಿಂಬ ಕಾಣುವಂತೆ ಗೋಡೆಯ ಆಚೆಗೂ ಒಂದು ರೆಕ್ಕೆಯ ಬಿಂಬವಿದೆ, ಅದಕ್ಕೂ ಸುಳಿಗಳಿವೆ ಎಂದು ಭಾವಿಸಿಕೊಳ್ಳುವುದು. ಆ ಬಿಂಬದ ಸುಳಿಗಳು ನಿಜವಾದ ರೆಕ್ಕೆಯ ಹತ್ತಿರ ಗಾಳಿಯನ್ನು ಎಷ್ಟು ಮೇಲಕ್ಕೆತ್ತುತ್ತವೋ ಅಷ್ಟೇ ಗೋಡೆಯ ಪಾಲು. ದುಂಡಗಿನ ಸುರಂಗದ ಬಾಯಿಯ ಹತ್ತನೇ ಒಂದರಷ್ಟು ವಿಸ್ತೀರ್ಣದ ರೆಕ್ಕೆ ಜೋರಾಗಿ ಎತ್ತುತ್ತಿರುವಾಗ ಈ ತಿದ್ದುಪಡಿ ಸುಮಾರು 0.7 ಡಿಗ್ರಿ. ಗೋಡೆಯಿಲ್ಲದೆ ಧಾರೆಯಾಗಿ ಹಾಯುವ ಸುರಂಗದಲ್ಲಿ ತಿದ್ದುಪಡಿ ಅಷ್ಟೇ, ದಿಕ್ಕು ಮಾತ್ರ ತಿರುಗುಮುರುಗು. ಅಲ್ಲಿ ರೆಕ್ಕೆ ನಿಜಕ್ಕಿಂತ ಕಡಿಮೆ ಎತ್ತಿದಂತೆ ಕಾಣುತ್ತದೆ.

ಗೋಡೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹೊಳೆಯ ನಡುವೆ ಬಂಡೆ ಬಂದರೆ ಪಕ್ಕದ ನೀರು ರಭಸವಾಗುವಂತೆ, ಪ್ರತಿರೂಪ ತಡೆದಷ್ಟು ಜಾಗವನ್ನು ತುಂಬಿಕೊಳ್ಳಲು ಸುತ್ತಲಿನ ಗಾಳಿ ವೇಗವಾಗುತ್ತದೆ. ಅದಕ್ಕೇ ಪ್ರತಿರೂಪದ ಎದುರುಮೈ ಸುರಂಗದ ಬಾಯಿಯ ನೂರಕ್ಕೆ 5 ಪಾಲು ಮೀರದಂತೆ ನೋಡಿಕೊಳ್ಳುವುದು ರೂಢಿ. ಶಬ್ದದ ವೇಗದ ಹತ್ತಿರ ಇದು ದೊಡ್ಡ ಕಾಟವಾಯಿತು. ಆ ಸಂದಿಯಲ್ಲಿ ಗಾಳಿ ಉಸಿರುಕಟ್ಟಿ, ಎಷ್ಟು ಶಕ್ತಿ ಹಾಕಿದರೂ ವೇಗ ಏರುತ್ತಿರಲಿಲ್ಲ. ಲ್ಯಾಂಗ್ಲಿಯ ಜಾನ್ ಸ್ಟ್ಯಾಕ್ ಮತ್ತು ಸಂಗಡಿಗರು 1950ರ ಸುಮಾರಿಗೆ ಗೋಡೆಯಲ್ಲಿ ಉದ್ದುದ್ದ ಸೀಳು ಬಿಟ್ಟು ಗಾಳಿಗೆ ಸ್ವಲ್ಪ ಸರಿದುಕೊಳ್ಳಲು ಎಡೆ ಮಾಡಿಕೊಟ್ಟರು. ಪೂರಾ ಮುಚ್ಚಿದ ಗೋಡೆ ಒಂದು ಕಡೆಗೆ ತಪ್ಪು ಮಾಡುತ್ತದೆ, ಗೋಡೆಯೇ ಇಲ್ಲದ ಧಾರೆ ಇನ್ನೊಂದು ಕಡೆಗೆ; ಸೀಳುಬಿಟ್ಟ ಗೋಡೆ ಎರಡರ ನಡುವೆ ನಿಂತಿತು. 1951ರ ಕಾಲಿಯರ್ ಪ್ರಶಸ್ತಿ ಈ ಸೀಳುಗಳಿಗೆ ಸಂದಿತು.

ಗಾಳಿಯ ಗುಣವೂ ಸುರಂಗದಿಂದ ಸುರಂಗಕ್ಕೆ ಬೇರೆ. 1912ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಗುಸ್ತಾವ್ ಐಫೆಲ್ (ಗೋಪುರದ ಐಫೆಲ್ಲರೇ) ಒಂದು ಗುಂಡಿನ ಎಳೆತ ಅಳೆದರು. ಗಟ್ಟಿಂಗೆನ್‌ನ ಅಂಕಿಯ ಅರ್ಧವೂ ಬರಲಿಲ್ಲ. ಜರ್ಮನರು ಇದು ಲೆಕ್ಕದ ತಪ್ಪಿರಬೇಕು ಎಂದುಕೊಂಡರು. ಐಫೆಲ್ ಮತ್ತೆ ಮತ್ತೆ ಅಳೆದು, ಒಂದು ವೇಗ ದಾಟಿದೊಡನೆ ಎಳೆತ ದಿಢೀರನೆ ಬೀಳುತ್ತದೆ ಎಂದು ತೋರಿಸಿದರು. ಕಾರಣ ಹುಡುಕಿದವರು ಪ್ರಾಂಟ್ಲ್. 1914ರಲ್ಲಿ ಗುಂಡಿನ ಮೈಗೆ ತೆಳ್ಳನೆಯ ತಂತಿಯ ಬಳೆ ತೊಡಿಸಿದರು. ಮೈಗೆ ಹತ್ತಿದ ಗಾಳಿಯ ತೆಳುಪದರ ಕದಡಿ, ಗುಂಡನ್ನು ಇನ್ನಷ್ಟು ಹಿಂದಿನವರೆಗೆ ತಬ್ಬಿಕೊಂಡಿತು, ಎಳೆತ ಇಳಿಯಿತು. ಇಬ್ಬರ ಅಂಕಿಯೂ ಸರಿಯಿತ್ತು.

5. ಗಟ್ಟಿಂಗೆನ್‌ನಿಂದ ಬೆಂಗಳೂರಿಗೆ

ಪ್ರಾಂಟ್ಲ್ ಅವರ ವಿದ್ಯೆ ಬೆಂಗಳೂರಿಗೆ ಬಂದ ದಾರಿ ದೂರದ್ದೇನಲ್ಲ, ನಡುವೆ ಇರುವುದು ಒಬ್ಬರೇ ಒಬ್ಬರು. ವಿಷ್ಣು ಮಾಧವ ಘಾಟಗೆ 1936ರಲ್ಲಿ ಗಟ್ಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಕೈಕೆಳಗೆ ಡಾಕ್ಟರೇಟ್ ಮುಗಿಸಿದರು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುವಾದಾಗ ಇಲ್ಲಿಗೆ ಬಂದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವೈಮಾನಿಕ ವಿಭಾಗ ತೆರೆದಾಗ ಅದನ್ನು ಕಟ್ಟಿದವರಲ್ಲಿ ಮೊದಲಿಗರು ಅವರೇ. ಅವರು ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ನಮ್ಮ ವಾಯುಪಡೆಯ ಒಂದು ತಲೆಮಾರು ಹಾರಲು ಕಲಿತದ್ದು ಅದರಲ್ಲಿ.

ಅದೇ ವರ್ಷ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಓದು ಮುಗಿಸಿದ ಸತೀಶ್ ಧವನ್ ಸಂಸ್ಥೆಗೆ ಬಂದರು. ಶಬ್ದಕ್ಕಿಂತ ವೇಗದ ಗಾಳಿ ಹಾಯಿಸುವ ದೇಶದ ಮೊದಲ ಸುರಂಗವನ್ನು ಇಲ್ಲಿಯೇ ಕಟ್ಟಿದರು. ಹದಿನಾಲ್ಕು ಅಡಿ ಅಗಲ, ಒಂಬತ್ತು ಅಡಿ ಎತ್ತರದ ದೊಡ್ಡ ಸುರಂಗವೂ ಸಂಸ್ಥೆಯ ಆವರಣದಲ್ಲಿ ಎದ್ದಿತು. ಅದರ ಬಾಯಿ ಮೊಟ್ಟೆಯಾಕಾರದ್ದು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೊರಟುಹೋಗುತ್ತದೆ. ವಿಂಡ್ ಟನೆಲ್ ರೋಡಿನ ಎನ್‌ಎಎಲ್ ಸುರಂಗ ಬೇರೆ ಬಗೆಯದು. ದೊಡ್ಡ ತೊಟ್ಟಿಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು, ಬೇಕಾದಾಗ ಕವಾಟ ತೆಗೆದು 1.2 ಮೀಟರ್ ಚೌಕದ ಕೊಠಡಿಯ ಮೂಲಕ ಹಾಯಿಸುತ್ತಾರೆ. ಶಬ್ದದ ವೇಗದ ಐದನೇ ಒಂದರಿಂದ ನಾಲ್ಕು ಪಟ್ಟಿನವರೆಗೆ ಅಲ್ಲಿ ಗಾಳಿ ಓಡುತ್ತದೆ. ವಿಮಾನಗಳಷ್ಟೇ ಅಲ್ಲ, ನಮ್ಮ ಉಪಗ್ರಹ ಹೊರುವ ರಾಕೆಟ್‌ಗಳ ಪ್ರತಿರೂಪಗಳೂ ಅಲ್ಲಿ ಪರೀಕ್ಷೆಗೆ ನಿಂತಿವೆ.

ಧವನ್ ಅವರ ಶಿಷ್ಯರಾಗಿ, ಆಮೇಲೆ 1984ರಿಂದ 1993ರವರೆಗೆ ಎನ್‌ಎಎಲ್ ನಿರ್ದೇಶಕರಾಗಿ ದುಡಿದ ರೊದ್ದಂ ನರಸಿಂಹ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಎಂಜಿನಿಯರಿಂಗ್ ಓದುವಾಗ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನವನ್ನು ನೋಡಿ ಈ ವಿದ್ಯೆಗೆ ಮನಸೋತವರು. ಮೈಗೆ ಹತ್ತಿದ ಗಾಳಿಯ ತೆಳುಪದರ ಶಾಂತ ಹರಿವಿನಿಂದ ಕದಡಿದ ಹರಿವಿಗೆ ಹೇಗೆ ತಿರುಗುತ್ತದೆ ಎಂಬುದರ ಮೇಲಿನ ಅವರ ಕೆಲಸ ಜಗತ್ತಿನ ಮನ್ನಣೆ ಪಡೆಯಿತು. ಪ್ರಾಂಟ್ಲ್ ಗುಂಡಿಗೆ ಬಳೆ ತೊಡಿಸಿ ಕೇಳಿದ್ದೂ ಇದೇ ಪ್ರಶ್ನೆ. ನರಸಿಂಹ ಅವರ ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಮೇಷ್ಟರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲೊಬ್ಬರು. ವಿಜ್ಞಾನವನ್ನು ಕನ್ನಡದ ಮಾತಿನಲ್ಲೇ ಆಡಬೇಕೆಂಬ ಈ ದತ್ತಿ ಉಪನ್ಯಾಸದ ಆಶಯಕ್ಕೆ ಆ ಮನೆಯ ನೆನಪು ಸಲ್ಲುತ್ತದೆ.

6. ಗೋಡೆಯೊಳಗೇ ಬಾಳುವ ರೆಕ್ಕೆಗಳು

ಪರೀಕ್ಷೆಗೆಂದು ಸುರಂಗಕ್ಕೆ ಬಂದುಹೋಗುವ ರೆಕ್ಕೆಗಳ ಮಾತಾಯಿತು. ಹುಟ್ಟಿದಾಗಿನಿಂದ ಗೋಡೆಗಳ ನಡುವೆಯೇ ಕೆಲಸ ಮಾಡುವ ರೆಕ್ಕೆಗಳೂ ಇವೆ.

1970ರ ದಶಕದ ನಡುವೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸುರಂಗದಲ್ಲಿ ಲೋಟಸ್ ರೇಸ್ ಕಾರಿನ ಪ್ರತಿರೂಪವೊಂದು ಕೂತಿತ್ತು. ಅದರ ಕೆಳಗೆ ರಸ್ತೆಯಂತೆ ಓಡುವ ಬೆಲ್ಟು. ಪೀಟರ್ ರೈಟ್ ಎಂಬ ಎಂಜಿನಿಯರಿಗೆ ಅಂಕಿಗಳು ಹೊಯ್ದಾಡುತ್ತಿರುವುದು ಕಂಡಿತು. ಹತ್ತಿರ ಹೋಗಿ ನೋಡಿದರೆ ಗಾಳಿಯ ವೇಗ ಏರಿದಂತೆ ಕಾರಿನ ಪಕ್ಕದ ಭಾಗಗಳು ನೆಲದ ಕಡೆಗೆ ಜಗ್ಗುತ್ತಿದ್ದವು. ತಲೆಕೆಳಗಾದ ರೆಕ್ಕೆಯಂತಿದ್ದ ಆ ಭಾಗಕ್ಕೂ ಬೆಲ್ಟಿಗೂ ನಡುವಿನ ಕಿರುಸಂದಿಯಲ್ಲಿ ಗಾಳಿ ನುಗ್ಗಿ, ಒತ್ತಡ ಬಿದ್ದು, ಕಾರು ನೆಲಕ್ಕೆ ಸೆಳೆಯಲ್ಪಡುತ್ತಿತ್ತು. ಪಕ್ಕದ ಸಂದಿಗಳನ್ನು ರಟ್ಟಿನಿಂದ ಮುಚ್ಚಿದಾಗ ಬಲ ಮತ್ತೂ ಏರಿತು. 1977ರ ಲೋಟಸ್ 78, ಮರುವರ್ಷದ ಲೋಟಸ್ 79 ಈ ತತ್ವದ ಮೇಲೆ ಬಂದವು. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ತಿರುವುಗಳಲ್ಲಿ ವೇಗ ಅಪಾಯದ ಮಟ್ಟ ಮುಟ್ಟಿ, 1983ರಿಂದ ಕಾರಿನ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಬಂತು.

ಜೆಟ್ ಎಂಜಿನ್ನಿನ ಕಂಪ್ರೆಸರ್ ಇನ್ನೂ ಬಿಗಿಯಾದ ಮನೆ. ದುಂಡಗಿನ ಕವಚದೊಳಗೆ ಸಾಲುಸಾಲು ಅಲಗುಗಳು, ಪ್ರತಿ ಅಲಗೂ ಒಂದು ಪುಟ್ಟ ರೆಕ್ಕೆ. ಪಕ್ಕದ ಅಲಗೇ ಅದಕ್ಕೆ ಗೋಡೆ. ತೀರ ಆರಂಭದಲ್ಲಿ ಇವನ್ನು ಬರೀ ದಾರಿ ತಿರುಗಿಸುವ ತಗಡುಗಳೆಂದು ನೋಡುತ್ತಿದ್ದರು. ಗಾಳಿ ಅಲಗಿನ ಬೆನ್ನಿನಿಂದ ಕಳಚಿಕೊಂಡು ಕಂಪ್ರೆಸರ್ ಹೆಚ್ಚಿನ ಶಕ್ತಿಯನ್ನು ಸುಮ್ಮನೆ ತಿನ್ನುತ್ತಿತ್ತು. ಇಂಗ್ಲೆಂಡಿನ ಎ. ಎ. ಗ್ರಿಫಿತ್ 1926ರ ಪ್ರಬಂಧದಲ್ಲಿ, ಅಲಗನ್ನು ರೆಕ್ಕೆಯೆಂದೇ ಭಾವಿಸಿ ರೂಪಿಸಬೇಕು ಎಂದು ವಾದಿಸಿದರು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಾದ ಜಿಟಿಆರ್‌ಇಯಲ್ಲಿ ರೂಪುಗೊಂಡ ಕಾವೇರಿ ಎಂಜಿನ್ನಿನಲ್ಲಿ ಮೂರು ಹಂತದ ಫ್ಯಾನು, ಅದರ ಹಿಂದೆ ಆರು ಹಂತದ ಕಂಪ್ರೆಸರ್ ಇದೆ. ಆ ಸಾಲುಗಳಲ್ಲಿರುವ ಒಂದು ಅಲಗಿನ ಸುತ್ತ ಗಾಳಿ ಹೇಗೆ ಹಾಯುತ್ತದೆ ಎಂಬುದನ್ನು ಅದರ ಅಕ್ಕಪಕ್ಕದ ಅಲಗುಗಳನ್ನು ಬಿಟ್ಟು ಲೆಕ್ಕ ಹಾಕಲು ಬರುವುದಿಲ್ಲ.

7. ಬಯಲಿಗೂ ನೆಲವಿದೆ

ಸುರಂಗದಿಂದ ಹೊರಬಂದು ಒಮ್ಮೆ ತಲೆಯೆತ್ತಿ ನೋಡೋಣ. ಆಕಾಶಕ್ಕೆ ಚಾವಣಿ ಇಲ್ಲ, ಪಕ್ಕದ ಗೋಡೆಗಳಿಲ್ಲ. ನೆಲ ಇದೆ. ಹಾರುತ್ತಿರುವ ವಿಮಾನದ ಪೂರ್ತಿ ತೂಕ ಕೊನೆಗೆ ಬಂದು ಇಳಿಯುವುದು ಆ ನೆಲದ ಮೇಲೆಯೇ. ಸುರಂಗದ ನೆಲದಲ್ಲಿ 4 ಮಿಲಿಮೀಟರ್ ನೀರಾಗಿ ಕಂಡ ಒತ್ತಡವೇ ಇಲ್ಲಿ ಇನ್ನೂ ತೆಳುವಾಗಿ, ಇನ್ನೂ ವಿಶಾಲವಾಗಿ ಹರಡಿಕೊಂಡಿರುತ್ತದೆ. ಇದನ್ನೂ ಪ್ರಾಂಟ್ಲ್ ಲೆಕ್ಕ ಹಾಕಿ ತೋರಿಸಿದ್ದರು.

ಕೆಂಪೇಗೌಡ ನಿಲ್ದಾಣದಿಂದ ಮೇಲೆದ್ದ 70 ಟನ್ ತೂಕದ ವಿಮಾನವೊಂದು ದೇವನಹಳ್ಳಿಯ ದ್ರಾಕ್ಷಿ ತೋಟಗಳ ಮೇಲೆ ಸಾವಿರ ಮೀಟರ್ ಎತ್ತರದಲ್ಲಿ ಸಾಗುತ್ತಿದೆ ಎನ್ನೋಣ. ಅದರ ತೂಕದ ಅರ್ಧಪಾಲು, ನೇರ ಕೆಳಗಿನ ಜಾಗದ ಸುತ್ತ ಸುಮಾರು 1.7 ಕಿಲೋಮೀಟರ್ ಫಾಸಲೆಯ ನೆಲದ ಮೇಲೆ ಬೀಳುತ್ತದೆ. ಉಳಿದರ್ಧ ಅದರಾಚೆಗೆ ಹೊಲ, ಕೆರೆ, ಊರುಗಳ ಮೇಲೆ ತೆಳುವಾಗುತ್ತ ಹೋಗುತ್ತದೆ. ನೇರ ಕೆಳಗೆ, ಒತ್ತಡ ಅತಿ ಹೆಚ್ಚಿರುವಲ್ಲಿ, ಒಂದು ಚದರ ಮೀಟರಿಗೆ ಬರುವುದು ಸುಮಾರು 11 ಗ್ರಾಂ. ಅಷ್ಟೇ ಜಾಗದಲ್ಲಿ ಹಾಸಿದ ಜೆರಾಕ್ಸ್ ಹಾಳೆಗಳ ತೂಕದ ಏಳನೇ ಒಂದು ಪಾಲು. ಆ ಹೊತ್ತಿನಲ್ಲಿ ತೋಟದಲ್ಲಿ ನಿಂತು ವಿಮಾನ ನೋಡುತ್ತ ಯಾರಾದರೂ ಅಂಗೈ ಬಿಚ್ಚಿ ಹಿಡಿದರೆ, ನೂರೈವತ್ತು ಜನ ಕೂತ ಆ ವಿಮಾನದ ಭಾರದಲ್ಲಿ ಆ ಅಂಗೈಯ ಪಾಲಿಗೆ ಬರುವುದು ನಾಲ್ಕಾರು ಅಕ್ಕಿಕಾಳಿನಷ್ಟು ತೂಕ.